ಕತ್ತಲಲ್ಲಿ ಹೊಳೆದ ಕಾಳುಗಳು

"ಕರೆಂಟ್ ಹೋಯ್ತು! ಅತ್ತೆ, ಒಳಗೆ ಕರೆಂಟ್ ಹೋಯ್ತು!"

ಆಸ್ಪತ್ರೆಯ ಕಾರಿಡಾರಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಬೆಚ್ಚಿಬಿದ್ದರು. ಒಬ್ಬ ತಾತನ ಕನ್ನಡಕವೇ ಜಾರಿ ಮಡಿಲಿಗೆ ಬಿತ್ತು. ಈ ಹುಡುಗಿಯನ್ನು ಮನೆಯಲ್ಲಿ ಚಿನಕುರಳಿ ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಅವಳು ತುದಿಗಾಲಲ್ಲಿ ನಿಂತು ಆಪರೇಷನ್ ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲಿನ ಗಾಜಿನಲ್ಲಿ ಇಷ್ಟು ಹೊತ್ತೂ ಕಾಣುತ್ತಿದ್ದ ಬೆಳಕು ಪಕ್ಕನೆ ಆರಿಹೋಗಿತ್ತು. ಒಳಗೆ ಅಮ್ಮನ ಗಂಟಲಿನ ಥೈರಾಯಿಡ್ ಗಡ್ಡೆ ತೆಗೆಯುತ್ತಿದ್ದರು.

"ಫೋನ್ ಕೊಡು ಅತ್ತೆ! ಟಾರ್ಚ್ ಹಾಕ್ತೀನಿ. ಪಾಪ, ಡಾಕ್ಟ್ರಿಗೆ ಏನೂ ಕಾಣ್ತಿರಲ್ಲ!"

"ಮೆಲ್ಲಗೆ ಕಣೇ! ಇಲ್ಲಿ ಲೈಟ್ ಉರೀತಾನೇ ಇದೆಯಲ್ಲ," ಎಂದಳು ಅತ್ತೆ.

"ಇಲ್ಲಿ ಯಾಕೆ ಬೇಕು? ಅಲ್ಲಿ ತಾನೇ ಬೇಕಾಗಿರೋದು!"

ಅವಳ ಗಾಬರಿಗೆ ಕಾರಣ ಇತ್ತು. ಬಹಳ ಹಿಂದೆ ಅತ್ತೆಗೂ ಇದೇ ಆಪರೇಷನ್ ಆಗಿತ್ತು. ಗಡ್ಡೆಯೇನೋ ಹೋಯಿತು. ಆದರೆ ಅಂದಿನಿಂದ ಆಗಾಗ ಅವಳ ಕೈಬೆರಳುಗಳು ಜುಮುಗುಟ್ಟಿ ಸೆಟೆದುಕೊಳ್ಳುತ್ತವೆ. ದಿನಾ ಕ್ಯಾಲ್ಸಿಯಂ ಮಾತ್ರೆ ನುಂಗಬೇಕು. ಅಮ್ಮನದೋ ಅಂಗಡಿಗಳ ಬೋರ್ಡ್ ಬರೆಯುವ ಕೆಲಸ. ಏಣಿ ಹತ್ತಿ ಬ್ರಷ್ ಹಿಡಿದು ಒಂದು ಅಕ್ಷರ ಸುತ್ತಿದಳೆಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಆ ಬೆರಳುಗಳೂ ಸೆಟೆದುಕೊಂಡುಬಿಟ್ಟರೆ? ಇದನ್ನೇ ನೆನೆದು ಚಿನಕುರಳಿಗೆ ಒಂದು ವಾರದಿಂದ ಊಟವೇ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಹೊರಗೆ ಬಂದರು.

"ಯಾರಮ್ಮಾ ಅದು, ಕರೆಂಟ್ ಆಫೀಸಿನವರು? ಕರೆಂಟ್ ಹೋಗಿಲ್ಲ. ಡಾಕ್ಟ್ರೇ ಲೈಟ್ ಆರಿಸಿದ್ದು."

"ಕತ್ತಲಲ್ಲಿ ಆಪರೇಷನ್ನಾ?" ಚಿನಕುರಳಿಯ ಕಣ್ಣು ಇಷ್ಟಗಲ ಆಯಿತು.

"ಈಗ ಕೊಯ್ಯಲ್ಲ, ಬರೀ ನೋಡ್ತಾರೆ. ಥೈರಾಯಿಡ್ ಹಿಂದೆ ನಾಲ್ಕು ಪುಟಾಣಿ ಗ್ರಂಥಿ ಇರ್ತವೆ..."

"ಗ್ರಂಥಾನಾ? ಗಂಟಲಲ್ಲಿ ಲೈಬ್ರರಿ ಇರುತ್ತಾ?"

ಕನ್ನಡಕದ ತಾತ ಕಿಸಕ್ಕನೆ ನಕ್ಕರು. ನರ್ಸ್‌ಗೂ ನಗು ತಡೆಯಲಾಗಲಿಲ್ಲ.

"ಗ್ರಂಥ ಅಲ್ಲ ಪುಟ್ಟಾ, ಗ್ರಂಥಿ! ಅಕ್ಕಿಕಾಳಿನಷ್ಟು ಇರುತ್ತೆ. ಮೈಯಲ್ಲಿ ಕ್ಯಾಲ್ಸಿಯಂ ಲೆಕ್ಕ ನೋಡ್ಕೊಳ್ಳೋದು ಅವೇ. ಅವಕ್ಕೆ ರಕ್ತ ಹೋಗೋದು ನಿಂತ್ರೆ ಕ್ಯಾಲ್ಸಿಯಂ ಇಳಿದು ಬೆರಳು ಸೆಟೆದುಕೊಳ್ಳುತ್ತೆ. ಅದಕ್ಕೇ ರಕ್ತಕ್ಕೆ ಒಂದು ಹಸಿರು ಬಣ್ಣ ಕೊಡ್ತೀವಿ. ಲೈಟ್ ಆರಿಸಿ ಸ್ಪೆಷಲ್ ಕ್ಯಾಮೆರಾ ಹಿಡಿದ್ರೆ, ರಕ್ತ ಹರಿಯೋ ಕಾಳು ಸ್ಕ್ರೀನ್ ಮೇಲೆ ಹೊಳೆಯುತ್ತೆ."

"ಅಮ್ಮ ಹಸಿರಾಗಿಬಿಡ್ತಾಳಾ?"

"ಇಲ್ಲ ಪುಟ್ಟಾ!"

"ಒಂದು ಕಾಳು ಹೊಳೀದಿದ್ರೆ?"

"ಡಾಕ್ಟ್ರಿಗೆ ಅಲ್ಲೇ ಗೊತ್ತಾಗುತ್ತಲ್ಲ, ಏನು ಮಾಡ್ಬೇಕೋ ಮಾಡ್ತಾರೆ," ಎಂದು ನರ್ಸ್ ಸರಸರನೆ ಹೊರಟುಹೋದರು.

"ನನ್ನ ಕಾಲಕ್ಕೆ ಈ ಕ್ಯಾಮೆರಾ ಇರಲಿಲ್ಲ ನೋಡು," ಎಂದಳು ಅತ್ತೆ. "ನಿಮ್ಮಮ್ಮನಿಗಾದ್ರೂ ಸಿಕ್ತಲ್ಲ, ಅಷ್ಟು ಸಾಕು."

ಗಾಜಿನಲ್ಲಿ ಮತ್ತೆ ಬೆಳಕು ಮೂಡಿತು. ಆಮೇಲೆ ಎಷ್ಟೋ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು.

"ಆಪರೇಷನ್ ಚೆನ್ನಾಗಿ ಆಯ್ತು. ಮೂರು ಕಾಳು ಥಳಥಳ ಹೊಳೆದ್ವು. ಒಂದು ಮಾತ್ರ ಮಂಕಾಗಿತ್ತು."

ಚಿನಕುರಳಿ ಡಾಕ್ಟರಮ್ಮನ ಕೈ ಹಿಡಿದೆಳೆದಳು. "ಅದು ಸತ್ತೋಯ್ತಾ?"

"ಸಾಯೋಕೆ ಬಿಡ್ತೀನಾ? ತೆಗೆದು, ಚೂರು ಮಾಡಿ, ಅಲ್ಲೇ ಮಾಂಸಖಂಡದಲ್ಲಿ ನೆಟ್ಟಿದ್ದೀನಿ. ಸಸಿ ಕಿತ್ತು ಬೇರೆ ಕಡೆ ನೆಡಲ್ವಾ, ಹಾಗೆ. ನಾಳೆ ರಕ್ತ ಪರೀಕ್ಷೆ ಮಾಡಿ ನೋಡೋಣ."

ಮರುದಿನ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕತ್ತಿಗೆ ಬ್ಯಾಂಡೇಜು, ಮುಖದಲ್ಲಿ ಸುಸ್ತು. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ಆದರೆ ಚಿನಕುರಳಿಗೆ ರಿಪೋರ್ಟು ಸಾಲಲಿಲ್ಲ.

"ಬೆರಳು ಜುಮ್ ಅಂತಿದೆಯಾ? ನಿಜ ಹೇಳು."

ಅಮ್ಮನ ಗಂಟಲು ಇನ್ನೂ ಕಟ್ಟಿತ್ತು. ಅವಳು ಮಾತಾಡದೆ ಮಗಳ ಅಂಗೈ ಬಿಡಿಸಿ, ಅದರ ಮೇಲೆ ತೋರುಬೆರಳಿನಿಂದ ದುಂಡಗೆ, ಅಲ್ಲಾಡದೆ, ಅಕ್ಷರ ಬರೆಯತೊಡಗಿದಳು.

"ಕೋ... ತಿ... ಕೋತಿ! ಅಪ್ಪಾ, ಅಮ್ಮ ನನ್ನನ್ನ ಕೋತಿ ಅಂತಿದ್ದಾಳೆ!" ಚಿನಕುರಳಿ ಕುಣಿದಾಡಿಬಿಟ್ಟಳು. ಇಷ್ಟು ಖುಷಿಯಿಂದ ಯಾರೂ ಬೈಸಿಕೊಂಡಿರಲಿಕ್ಕಿಲ್ಲ. ಔಷಧಿ ಹಿಡಿದು ಆಗಷ್ಟೇ ಒಳಗೆ ಬಂದ ಅಪ್ಪನೂ ನಕ್ಕ, ಅಮ್ಮನೂ ಕತ್ತು ಹಿಡಿದುಕೊಂಡು ನಕ್ಕಳು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ. ನಗುತ್ತಲೇ ಬಲಗೈಯನ್ನು ಶಾಲಿನ ಒಳಗೆ ಸೇರಿಸಿಕೊಂಡಳು. ಚಿನಕುರಳಿ ಅದನ್ನು ನೋಡಿದಳು. ಮೆಲ್ಲಗೆ ಹೋಗಿ ಅವಳ ಪಕ್ಕ ಕೂತಳು.

"ಅತ್ತೆ, ಬೆಳಗ್ಗೆ ಮಾತ್ರೆ ತಗೊಂಡ್ಯಾ?" ಅತ್ತೆಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಈ ಗಡಿಬಿಡೀಲಿ ಎಲ್ಲಿ ನೆನಪಿರುತ್ತೆ, ಬಿಡು. ನಿಮ್ಮಮ್ಮನ ಮುಂದೆ ಹೇಳ್ಬೇಡ. ಅವಳು ನಗ್ತಾ ಇರ್ಲಿ."

ಚಿನಕುರಳಿ ಅತ್ತೆಯ ಚೀಲದಿಂದ ಮಾತ್ರೆ ತೆಗೆದು ಕೊಟ್ಟಳು, ನೀರು ಕೊಟ್ಟಳು. ಆಮೇಲೆ ಶಾಲಿನೊಳಗಿನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಸೆಟೆದ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕೂತಳು.