ಹ್ಯಾಂಡಲ್ ಬಿಟ್ಟು ಒಯ್ಯಿರಿ

"ಮಷಿನ್ ಒಯ್ಯಿರಿ. ಹ್ಯಾಂಡಲ್ ಮಾತ್ರ ಕೇಳಬ್ಯಾಡ್ರಿ."

ದೌಲತಾಬಾದಿನ ಕೋಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ರುಕ್ಮಿಣಿಬಾಯಿ ಇಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಬಸವನಿಗೆ ಸಿಟ್ಟು ನೆತ್ತಿಗೇರಿತು. ನಾಸಿಕ್ ರೋಡಿನಿಂದ ಟೆಂಪೊ ಮಾಡಿಕೊಂಡು ಬಂದವನು ಅವನು. ಓಝರಿನ ವಿಮಾನ ಕಾರ್ಖಾನೆಯಲ್ಲಿ ಪ್ರಾಯವೆಲ್ಲ ಸವೆಸಿ, ಈಗ ಮನೆಯ ಹಿಂದಿನ ಖೋಲಿಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದ. ಕೂದಲೆಳೆಯಷ್ಟು ಕಬ್ಬಿಣ ಹೆಚ್ಚಾದರೂ ಅವನ ಬಲಗೈಗೆ ತಿಳಿಯುತ್ತಿತ್ತು. ಆ ಕೈಯೇ ಅವನ ಅನ್ನ, ಆ ಕೈಯೇ ಅವನ ಸೊಕ್ಕು. ಕಬ್ಬಿಣ ಕೊರೆಯುವ ತನ್ನ ಸಣ್ಣ ಮಿಲ್ಲಿಂಗ್ ಮಷಿನ್ ದೊಡ್ಡ ಕೆಲಸಕ್ಕೆ ಸಾಲದೆಂದು ಅದನ್ನು ಸಿನ್ನರಿನವನೊಬ್ಬನಿಗೆ ಮಾರಿ, ಈ ಹಳೆಯ ದೊಡ್ಡದನ್ನು ಒಯ್ಯಲು ಬಂದಿದ್ದ.

ಮಷಿನ್ ಆನೆಯ ಹಾಗೆ ಕತ್ತಲಲ್ಲಿ ನಿಂತಿತ್ತು. ಮೇಲೆ ತಿರುಗುವ ಕಟರ್, ಕೆಳಗೆ ಜಾರುವ ಉಕ್ಕಿನ ಟೇಬಲ್. ಟೇಬಲನ್ನು ಕಟರಿನ ಕೆಳಗೆ ಸರಿಸುವ ಹ್ಯಾಂಡಲ್ ಇರಬೇಕಾದ ಕಡೆ ಬರೀ ಬೋಳು ಶಾಫ್ಟು.

"ಹ್ಯಾಂಡಲ್ ಇಲ್ಲದ ಮಷಿನ್ ಒಯ್ದು ಏನು ಪೂಜಾ ಮಾಡ್ಲೇನ್ರಿ?"

"ನಿಮ್ಮದೂ ನಮ್ಮ ಬೀದರ ಕಡಿನೇ ಅಂದ್ರಿ. ನಿಮ್ಮಪ್ಪ ಎತ್ತು ಮಾರಿದ್ರ ಹಗ್ಗ ಕೊಡ್ತಿದ್ರೇನು?"

ಕೊಡುತ್ತಿರಲಿಲ್ಲ. ಭಾಲ್ಕಿಯ ದನದ ಬಜಾರಿನಲ್ಲಿ ಅಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚಿ ತನ್ನ ನಡುವಿಗೆ ಸುತ್ತಿಕೊಂಡು ಬರುತ್ತಿದ್ದ. ಹಗ್ಗ ಹೋದರೆ ಕೊಟ್ಟಿಗೆಯೇ ಹೋಯಿತು ಎನ್ನುತ್ತಿದ್ದ. ಗುರುಬಸವ ಇಂಥ ನಂಬಿಕೆಗಳಿಗೆಲ್ಲ ಉಗುಳುವವನು. ಆದರೂ ಸಣ್ಣ ಮಷಿನ್ ಮಾರುವಾಗ ಅದರ ಹ್ಯಾಂಡಲ್ ಕಳಚಿ ಇಟ್ಟುಕೊಂಡಿದ್ದ. ಕೈಗೆ ರೂಢಿಯಾಗಿದೆ, ಅಷ್ಟೇ, ಎಂದು ಹೆಂಡತಿಗೆ ಹೇಳಿದ್ದ. ಅವನ ಅಂಗೈಯ ಅಚ್ಚು ಮೂಡುವಷ್ಟು ಸವೆದ ಆ ಹ್ಯಾಂಡಲನ್ನೇ ಚೀಲದಿಂದ ತೆಗೆದು ಶಾಫ್ಟಿಗೆ ಹಾಕಿ ನೋಡಿದ. ತೂತು ಸಣ್ಣದು. ಹೊಂದಲಿಲ್ಲ.

"ಹೊಸದು ಮಾಡಿಸ್ಕೊಳ್ರಿ ತಮ್ಮಾ," ಮುದುಕಿಯ ದನಿ ಇಳಿಯಿತು. "ಪಾಲು ಕೊಡಲಿಲ್ಲ ಅಂತ ನಮ್ಮ ದಾಯಾದಿ ಮಾಟ ಮಾಡಿಸಿದ. ನಮ್ಮ ಯಜಮಾನ್ರು ಹ್ಯಾಂಡಲ್ ಹಿಡದ ಕೈ ಬಿಡಲಿಲ್ಲ. ಕರೆಂಟ್ ಇರಲಿ, ಹೋಗಲಿ, ತಿರಗಸ್ಕೋತ ಕುಂತ್ರು. ತಿರಗಸ್ಕೋತನೇ ಜೀವ ಹೋಯ್ತು. ಆಮ್ಯಾಲೂ ಅದು ನಿಂದರಲಿಲ್ಲ. ಮಂತ್ರದವನೊಬ್ಬ ಬಂದು ಬಿಚ್ಚಿ ನನ್ನ ಕೈಯಾಗ ಕೊಟ್ಟ. ದಿನಾ ದೀಪ ಹಚ್ಚೋ ಹೊತ್ತಿಗಿ ಕರಿದಾರ ಒಂದು ಸುತ್ತು ಸುತ್ತಿ, 'ಇದನ್ನ ಹಿಡದ ಕೈ ಇಲ್ಲೇ ಇರಲಿ' ಅಂತೀನಿ. ಅದಕ್ಕೇ ಸುಮ್ಮನಾಗ್ಯದ."

"ಕರೆಂಟ್ ಇಲ್ಲದೇ ಓಡ್ತದ? ಬಿಲ್ಲಾದ್ರೂ ಉಳೀತು ಬಿಡ್ರಿ."

ಅವಳು ನಗಲಿಲ್ಲ. ಚಹಾ ತರುತ್ತೇನೆಂದು ಅಡುಗೆಮನೆಗೆ ಹೋದಳು.

ದೇವರ ಗೂಡು ಶೆಡ್ಡಿಗೆ ಹೊಂದಿದ ಮನೆಯ ಪಡಸಾಲೆಯಲ್ಲಿತ್ತು. ಅವಳ ಯಜಮಾನ ಬಿಂದುಮಾಧವನ ಫೋಟೋದ ಕೆಳಗೆ ಕೆಂಪು ಬಟ್ಟೆಯ ಗಂಟು, ಮೇಲೆ ಪದರು ಪದರಾಗಿ ಕರಿದಾರ. ಗುರುಬಸವ ಗಂಟಿನ ಬಾಯಿಂದ ಅವಳ ಹ್ಯಾಂಡಲನ್ನು ಜಾರಿಸಿ ತೆಗೆದ. ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಕರ್ಪೂರದ ಜೊತೆ ಸುಟ್ಟ ಉಗುರಿನ ನಾತ ಮೂಗಿಗೆ ಬಡಿಯಿತು. ಗಂಟು ಬರಿದಾಗಿ ಕಾಣಬಾರದೆಂದು ತನ್ನ ಹ್ಯಾಂಡಲನ್ನು ಅದರೊಳಗೆ ತುರುಕಿದ. ಮುದುಕಿಗೇನು ಗೊತ್ತಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ.

ನಿಂತೇ ಚಹಾ ಕುಡಿದು, ಮಷಿನ್ ಹೇರಿಸಿಕೊಂಡು ಹೊರಟ.

ಮಷಿನನ್ನು ಮನೆಯಲ್ಲಿ ಕೂರಿಸಿ ಆ ಹ್ಯಾಂಡಲ್ ಬಿಗಿದ ಸಂಜೆಯೇ ಅವನ ಕೈಯಿಂದ ಚಹಾದ ಕಪ್ಪು ಜಾರಿ ಬಿತ್ತು. ಬಲಗೈ ಬೆರಳುಗಳು ತಾವಾಗಿ ಮಡಚಿಕೊಂಡಿದ್ದವು. ಸ್ವಲ್ಪ ಹೊತ್ತಿಗೆ ಬಿಚ್ಚಿದವು. ಭಾರ ಎಳೆದದ್ದಕ್ಕೆ ಎಂದುಕೊಂಡ. ಮರುದಿನವೂ ದೀಪ ಹಚ್ಚುವ ಹೊತ್ತಿಗೆ ಹಾಗೆಯೇ ಆಯಿತು. ದಿನ ಹೋದಂತೆ ಮುಷ್ಟಿ ಬಿಚ್ಚುವುದು ತಡವಾಗತೊಡಗಿತು.

"ರೀ, ಆ ಹ್ಯಾಂಡಲ್ ತಾನೇ ತಿರಗ್ಲತ್ತದ," ಎಂದಳು ಹೆಂಡತಿ ಭಾಗ್ಯಶ್ರೀ. ವರ್ಕ್‌ಶಾಪಿನ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕಾಲಿಡಲಿಲ್ಲ.

"ಇಲಿ ಇರಬೇಕು. ಕೆಲಸ ಕಲೀಲತ್ತದ. ನೀ ರೊಟ್ಟಿ ಮಾಡು ಹೋಗು."

"ಎಲ್ಲಿಂದ ತಂದ್ರಿ ಅದನ್ನ? ಖರೇ ಹೇಳ್ರಿ."

ಅವನು ಸ್ಪ್ಯಾನರ್ ಎತ್ತಿಕೊಂಡು ಮಷಿನ್ನಿನ ಕಡೆ ತಿರುಗಿದ.

ಒಂದು ಸಂಜೆ ಮೋಡ ಕವಿದು, ಹೊತ್ತು ಮುಳುಗುವ ಮೊದಲೇ ಖೋಲಿಯೊಳಗೆ ಕತ್ತಲು ತುಂಬಿತು. ಗುರುಬಸವ ಕಬ್ಬಿಣದ ತುಂಡೊಂದನ್ನು ಟೇಬಲಿಗೆ ಬಿಗಿದು ಕೊರೆಯುತ್ತಿದ್ದ. ಲೈಟು ಹೋಯಿತು. ಗಲ್ಲಿಯ ಹಿಟ್ಟಿನ ಗಿರಣಿ ನಿಂತಿತು. ತಲೆಯ ಮೇಲಿನ ಫ್ಯಾನು ನಿಂತಿತು.

ಮಷಿನ್ ನಿಲ್ಲಲಿಲ್ಲ.

ಕಟರ್ ಗರಗರ ತಿರುಗುತ್ತಲೇ ಇತ್ತು. ಅವನು ಪ್ಲಗ್ಗನ್ನೇ ಕಿತ್ತ. ಆಗಲೂ ತಿರುಗಿತು. ಹ್ಯಾಂಡಲ್ ತಾನಾಗಿ ಒಂದು ಸುತ್ತು ಹಾಕಿತು. ಇನ್ನೊಂದು. ಟೇಬಲ್ ಮೆಲ್ಲಗೆ ಸರಿಯಿತು. ಸುಟ್ಟ ಉಗುರಿನ ನಾತ ಎದ್ದಿತು.

ಗುರುಬಸವನ ಸಿಟ್ಟು ಭಯಕ್ಕಿಂತ ಮೊದಲು ಬಂತು. "ನಿಂದರು ಮಗನ!" ಎಂದು ಬಲಗೈಯಿಂದ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದ.

ಅದೇ ಹೊತ್ತು. ದೀಪ ಹಚ್ಚುವ ಹೊತ್ತು. ಬೆರಳುಗಳು ಮಡಚಿಕೊಂಡವು. ಬೀಗ ಬಿದ್ದ ಹಾಗೆ.

ಬಿಡಲು ನೋಡಿದ. ಬರಲಿಲ್ಲ. ಕೈ ಹ್ಯಾಂಡಲಿನ ಜೊತೆ ತಿರುಗಿತು. ಭುಜ ತಿರುಗಿತು. ಮೈ ಬಾಗಿತು. ಆಸರೆಗೆ ಎಡಗೈ ಟೇಬಲಿಗೆ ಊರಿದ. ಅಂಗಿಯ ತೋಳು ಬೋಲ್ಟಿಗೆ ಸಿಕ್ಕಿತು. ಎಳೆದ. ಹರಿಯಲಿಲ್ಲ. ಟೇಬಲ್ ಸರಿಯಿತು. ಎಡಗೈ ಕಟರಿನ ಕಡೆ ಸರಿಯಿತು. ಅದನ್ನು ಸರಿಸುತ್ತಿದ್ದುದು ಅವನದೇ ಬಲಗೈ. ಕಿವಿಯ ಹತ್ತಿರ ಯಾರೋ ಉಸಿರಾಡಿದರು. ಹಳೆಯ, ದಣಿದ ಉಸಿರು. ಕಟರಿನ ಗಾಳಿ ಬೆರಳಿಗೆ ತಾಗಿತು.

"ಭಾಗ್ಯಾ!"

ಅವಳು ಮೊಬೈಲಿನ ಬೆಳಕು ಹಿಡಿದು ಓಡಿ ಬಂದಳು. ಒಂದು ಕ್ಷಣ ನೋಡಿದಳು. ಮೂಲೆಯ ದೊಡ್ಡ ಸುತ್ತಿಗೆ ಎತ್ತಿ ಹ್ಯಾಂಡಲಿನ ಬುಡಕ್ಕೆ ಹೊಡೆದಳು. ಮತ್ತೆ ಹೊಡೆದಳು. ಪಿನ್ನು ಮುರಿಯಿತು. ಹ್ಯಾಂಡಲ್ ಶಾಫ್ಟಿನಿಂದ ಕಳಚಿತು. ಕಟರ್ ನಿಂತಿತು.

ಎಡಗೈ ಉಳಿಯಿತು. ಬಲಗೈ ಮುಷ್ಟಿ ಬಿಚ್ಚಲಿಲ್ಲ. ಹ್ಯಾಂಡಲ್ ಅದರೊಳಗೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಕೊಟ್ಟು ನೋಡಿದರು, ಎಣ್ಣೆ ಹಚ್ಚಿ ನೋಡಿದರು. ಒಂದು ಬೆರಳೂ ಏಳಲಿಲ್ಲ. ಆಗ ಗುರುಬಸವ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮುಷ್ಟಿಯ ಮೇಲೆ ಟವೆಲ್ ಹೊದಿಸಿ, ಬಸ್ಸು ಹತ್ತಿಸಿ ದೌಲತಾಬಾದಿಗೆ ಕರೆತಂದಳು.

ರುಕ್ಮಿಣಿಬಾಯಿ ಟವೆಲ್ ಸರಿಸಿ ನೋಡಿದಳು. ಗೂಡಿನಿಂದ ಗಂಟು ತೆಗೆದು, ಬಟ್ಟೆಯ ಬಾಯಿ ಅಗಲಿಸಿದಳು. ಒಳಗೆ ಅವನ ಹ್ಯಾಂಡಲ್.

"ಹಗುರ ಅನಸ್ತಿತ್ತು," ಎಂದಳು. "ಮಷಿನ್ ಹೋಯ್ತಲ್ಲ, ಅವರ ಭಾರ ಇಳೀತು ಅಂದ್ಕೊಂಡೆ. ನಿಮ್ಮ ಕೈ ಕಟ್ಲತ್ತಿದ್ದೆನೇನು ತಮ್ಮಾ, ಇಷ್ಟು ದಿನ?"

ಗಂಟು ಜಗ್ಗಿದಳು. ಹ್ಯಾಂಡಲ್ ಬರಲಿಲ್ಲ. ಸುತ್ತು ಮೇಲೆ ಸುತ್ತು ಬಿದ್ದ ದಾರ ಅದನ್ನು ಕಚ್ಚಿ ಹಿಡಿದಿತ್ತು.

"ಬಿಚ್ರಿ ಅಕ್ಕಾರ," ಭಾಗ್ಯಶ್ರೀ ಕೈಮುಗಿದಳು. "ನಿಮ್ಮ ಕಾಲಿಗಿ ಬೀಳ್ತೀನಿ."

"ಕಟ್ಟೋದು ಕಲಿಸ್ಯಾರವ್ವ. ಬಿಚ್ಚೋದು ಕಲಿಸಿಲ್ಲ."

ಭಾಗ್ಯಶ್ರೀ ಗೂಡಿನಲ್ಲಿ ದಾರದ ಪಕ್ಕ ಇದ್ದ ಕತ್ತರಿ ಎತ್ತಿಕೊಂಡು ಕರಿದಾರಕ್ಕೆ ಹಚ್ಚಿದಳು. ಒಂದೇ ಎಳೆ ಹರಿಯಿತು. ಗುರುಬಸವ ಕಿರುಚಿದ. ಅವನ ಕಿರುಬೆರಳಿನ ಬುಡದಲ್ಲಿ ಗೆರೆ ಎದ್ದು ರಕ್ತ ತೊಟ್ಟಿಕ್ಕಿತು. ದಾರ ಇನ್ನೂ ಪದರು ಪದರಾಗಿ ಉಳಿದಿತ್ತು. ಅವಳ ಕೈಯಿಂದ ಕತ್ತರಿ ಬಿತ್ತು.

ಹೊರಗೆ ಕೋಟೆಯ ನೆರಳು ಅಂಗಳಕ್ಕೆ ಬಂದಿತ್ತು. ಮುಷ್ಟಿ ಸಣ್ಣಗೆ ಅಲ್ಲಾಡಿತು. ಗಾಳಿಯಲ್ಲಿ ಒಂದು ಸುತ್ತು ಹಾಕಿತು.

"ನಾವು ಹೊರಡ್ತೀವ್ರಿ," ಎಂದು ಗುರುಬಸವ ಎದ್ದ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಹೊಸ್ತಿಲ ತನಕ ಹೋದ. ಕೈ ಗೂಡಿನ ಕಡೆ ಚಾಚಿ ಹಿಂದೆಯೇ ಉಳಿಯಿತು. ಗೂಟಕ್ಕೆ ಕಟ್ಟಿದ ದನದ ಹಾಗೆ ಮೈ ಜಗ್ಗಿ ನಿಂತಿತು.

ರುಕ್ಮಿಣಿಬಾಯಿ ಗೂಡಿನ ಕೆಳಗೆ ಚಾಪೆ ಹಾಸಿದಳು. ದೀಪ ಹಚ್ಚಿದಳು. ಕರಿದಾರದ ಉಂಡೆ ತಂದು ಅವನ ಮುಷ್ಟಿಗೆ ಒಂದು ಸುತ್ತು ಸುತ್ತಿ, ಯಾರನ್ನೋ ಮಲಗಿಸುವವಳ ಹಾಗೆ ಅದನ್ನು ನೇವರಿಸಿದಳು.

"ಇದನ್ನ ಹಿಡದ ಕೈ ಇಲ್ಲೇ ಇರಲಿ," ಎಂದಳು.

ಭಾಗ್ಯಶ್ರೀ ಒಬ್ಬಳೇ ನಾಸಿಕಿನ ಬಸ್ಸು ಹತ್ತಿದಳು.