ಕೆರೆಯಲು ಮನಸ್ಸು ಬಾರದ ಬಣ್ಣ

"ಈ ಟ್ಯಾಂಕ್ ಕೂರಿಸಿದ ಮಹಾನುಭಾವ ಯಾರು? ಕರೀರಿ ಅವನನ್ನ!"

ಗ್ಯಾರೇಜಿನ ಬಾಗಿಲಲ್ಲಿ ಗುಡುಗಿದ ದನಿಗೆ ಅವಳು ಗಾಡಿಯೊಂದರ ಹಿಂದಿನಿಂದ ಎದ್ದು ನಿಂತಳು. ಕೆನ್ನೆಯ ಮೇಲೆ ಗ್ರೀಸು, ಕೈಯಲ್ಲಿ ಸ್ಪ್ಯಾನರು.

"ಅವನಲ್ಲ. ನಾನು."

ಬಂದವನ ಬಾಯಿ ಅರ್ಧಕ್ಕೇ ನಿಂತಿತು. ಸಿಟ್ಟಿಗೆ ಕೆಂಪಾಗಿದ್ದ ಮುಖದಲ್ಲಿ ಈಗ ಏನು ಮಾಡಬೇಕೆಂದು ತಿಳಿಯದ ಗಲಿಬಿಲಿ!

ಅವಳು ಮಾತ್ರ ಅವನ ಮುಖ ನೋಡಲಿಲ್ಲ. ನೋಡಿದ್ದು ಕೈಗಳನ್ನು. ಉಗುರಿನ ಸಂದಿಯಲ್ಲೆಲ್ಲ ಹಸಿರು ಬಣ್ಣ...

'ಅಯ್ಯೋ, ಆ ಟ್ಯಾಂಕಿಗೆ ಬಣ್ಣ ಹಚ್ಚಿದ ಕೈ ಇದೇನಾ!'

ಕಳೆದ ವಾರ ಅವಳು ಸಾಮಾನು ತರಲು ಹೋಗಿದ್ದಾಗ ಈ ಪೇಂಟರ್ ಬಂದು, ತನ್ನ ಮೋಟಾರ್ ಸೈಕಲ್ಲನ್ನೂ ಬೇರೆ ಟ್ಯಾಂಕೊಂದನ್ನೂ ಅಪ್ಪನ ಬಳಿ ಬಿಟ್ಟುಹೋಗಿದ್ದ. ಹಳೆಯ ಟ್ಯಾಂಕು ತುಕ್ಕು ಹಿಡಿದು ಸೋರುತ್ತಿತ್ತಂತೆ. ಹೊಸದಕ್ಕೆ ಕಡು ಹಸಿರು ಬಣ್ಣ, ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ. ಸ್ಕೇಲಿಲ್ಲ, ಸ್ಟಿಕ್ಕರ್ ಇಲ್ಲ, ಬರೀ ಕುಂಚ! ಆ ಗೆರೆ ಎಲ್ಲೂ ನಡುಗಿರಲಿಲ್ಲ. ಕೆಲಸ ಬಿಟ್ಟು ಅವಳು ಅದರ ಸುತ್ತಲೇ ಸುತ್ತಿದ್ದಳು.

"ನೋಡಿ ಇಲ್ಲಿ!" ಅವನಿಗೆ ಮತ್ತೆ ಮಾತು ಬಂತು. "ಪೆಟ್ರೋಲ್ ಮುಳ್ಳು ಖಾಲಿ ಅಂತ ತೋರಿಸ್ತಿತ್ತು. ಅದನ್ನ ನಂಬ್ಕೊಂಡು ಬಂಕಲ್ಲಿ ಫುಲ್ ಮಾಡಿ ಅಂದೆ. ಒಳಗೆ ಮೊದಲೇ ಮುಕ್ಕಾಲು ಇತ್ತು! ಉಕ್ಕಿ ಹರೀತು. ನನ್ನ ಬಣ್ಣದ ಗತಿ ನೋಡಿ!"

ಮುಚ್ಚಳದ ಸುತ್ತ ಹಸಿರು ಸುಕ್ಕುಗಟ್ಟಿತ್ತು. ಚಿನ್ನದ ಗೆರೆ ಒಂದು ಕಡೆ ಕರಗಿಯೇ ಹೋಗಿತ್ತು.

ಅವಳು ಆ ಸುಕ್ಕಿನ ಮೇಲೆ ಬೆರಳಾಡಿಸಿದಳು. ಆದರೆ ತಲೆ ತಗ್ಗಿಸುವ ಜಾಯಮಾನ ಅವಳದ್ದಲ್ಲ.

"ಗಾಡಿ ಒಳಗೆ ತನ್ನಿ. ಕೂಗಾಡಿದ್ರೆ ಮುಳ್ಳು ಏಳಲ್ಲ."

ಮೂಲೆಯಲ್ಲಿ ಕೂತಿದ್ದ ಅಪ್ಪ ತಮ್ಮ ಕುರ್ಚಿಯನ್ನು ಗಾಡಿಯ ಕಡೆ ತಿರುಗಿಸಿಕೊಂಡರು. ಅದಕ್ಕೇ ಅವಳಿಗೆ ಹೆಚ್ಚು ಭಯವಾದದ್ದು. ಕೈ ನಡುಗಲು ಶುರುವಾದ ಮೇಲೆ ಅಪ್ಪ ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟಿದ್ದರು. ಚಿಕ್ಕಪ್ಪನಿಗೆ ಆಗಲೇ ಗ್ಯಾರೇಜಿನ ಮೇಲೆ ಕಣ್ಣು. "ಹುಡುಗಿ ಕೈಲಿ ಇದೆಲ್ಲ ಎಷ್ಟು ದಿನ ನಡೆಯುತ್ತೆ? ನನಗೆ ಬಿಟ್ಟುಬಿಡು" ಎಂದು ಬೆನ್ನು ಬಿದ್ದಿದ್ದ. ಅಪ್ಪ ಕೊನೆಗೆ, "ಅವಳು ಮಾಡಿದ ಕೆಲಸ ತಿರುಗಿ ಬಂದ್ರೆ ಆಮೇಲೆ ನೀನೇ ನಡೆಸು" ಎಂದುಬಿಟ್ಟಿದ್ದರು.

ಇವತ್ತು ಒಂದು ಗಾಡಿ ತಿರುಗಿ ಬಂದಿತ್ತು.

ಅವಳು ಸೀಟು ತೆಗೆದು, ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನಿಂದ ಬರುವ ವೈರನ್ನು ಬಿಚ್ಚಿದಳು. ಕೀ ತಿರುಗಿಸಿ, ಮೀಟರಿನ ಕಡೆಯ ವೈರಿನ ತುದಿಯನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಮುಟ್ಟಿಸಿದಳು. ಮುಳ್ಳು ಸರಕ್ಕನೆ ಮೇಲೆದ್ದಿತು.

"ಮೀಟರ್ ಸರಿ ಇದೆ. ವೈರೂ ಸರಿ ಇದೆ" ಎಂದಳು.

"ಹಾಗಾದ್ರೆ ಫ್ಲೋಟ್ ಹೋಗಿದ್ಯಾ?"

"ನೋಡೋಣ." ಬಿಚ್ಚಿದ ವೈರನ್ನು ಮತ್ತೆ ಸೇರಿಸಿದಳು. ಇನ್ನೊಂದು ತುಂಡು ವೈರು ತಂದು, ಒಂದು ತುದಿಯನ್ನು ಫ್ಲೋಟಿನ ಸ್ಕ್ರೂಗೆ, ಇನ್ನೊಂದನ್ನು ಚಾಸಿಗೆ ಹಿಡಿದಳು. ಮುಳ್ಳು ನಿಧಾನವಾಗಿ ಏರಿ, ಫುಲ್ ಎಂದು ತೋರಿಸಿ ನಿಂತಿತು.

ಅವಳಿಗೆ ಅನುಮಾನ ಮೊದಲೇ ಇತ್ತು... ಈಗ ಖಾತ್ರಿಯಾಯಿತು.

"ಟ್ಯಾಂಕಿಗೆ ಅರ್ತಿಂಗ್ ಸಿಕ್ತಿಲ್ಲ" ಎಂದಳು ಮೆಲ್ಲಗೆ. "ಕರೆಂಟು ಟ್ಯಾಂಕಿಂದ ಬೋಲ್ಟ್ ದಾಟಿ ಚಾಸಿಗೆ ಹೋಗ್ಬೇಕು. ಬೋಲ್ಟ್ ಕೂರೋ ಜಾಗದಲ್ಲಿ ಬಣ್ಣ ಅಡ್ಡ ಇದೆ."

ಪೇಂಟರ್ ಬಗ್ಗಿ ನೋಡಿದ. ಅವನ ಜಂಭವೆಲ್ಲ ಜರ್ರನೆ ಇಳಿಯಿತು.

"ಹಾಗಾದ್ರೆ... ತಪ್ಪು ನಂದೇ. ಅಲ್ಲಿಗೂ ಹಚ್ಚಿದ್ದು ನಾನೇ. ಯಾರೂ ನೋಡಲ್ಲ ಅಂತ ಒಂದು ಜಾಗ ಬಿಟ್ಟು ಅಭ್ಯಾಸ ಇಲ್ಲ ನನಗೆ. ಸುಮ್ಮನೆ ನಿಮ್ಮ ಮೇಲೆ ಕೂಗಾಡ್ಬಿಟ್ಟೆ, ಕ್ಷಮಿಸಿ."

ಅಪ್ಪ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದರು.

'ಹೂಂ ಅಂದ್ಬಿಡು...' ಎಂದಿತು ಒಳಮನಸ್ಸು. 'ಅವರೇ ಒಪ್ಕೊಂಡ್ರಲ್ಲ! ಗ್ಯಾರೇಜ್ ಉಳಿಯುತ್ತೆ, ಮಾನವೂ ಉಳಿಯುತ್ತೆ.'

ಅವಳು ಸ್ಪ್ಯಾನರನ್ನು ಕೆಳಗಿಟ್ಟಳು.

"ಇಲ್ಲ. ತಪ್ಪು ನಂದು. ಬಣ್ಣ ಹಚ್ಚಿದ ಟ್ಯಾಂಕ್ ಕೂರಿಸೋ ಮುಂಚೆ ಬೋಲ್ಟ್ ಜಾಗ ಕೆರೀಬೇಕು. ಅಪ್ಪ ಅದನ್ನ ನಂಗೆ ಎಂದೋ ಕಲಿಸಿದಾರೆ. ಮರೆತೂ ಇರಲಿಲ್ಲ. ಕೆರೆಯೋ ಎಮರಿ ಪೇಪರ್ ಕೈಯಲ್ಲೇ ಹಿಡ್ಕೊಂಡಿದ್ದೆ."

"ಮತ್ತೆ ಯಾಕೆ ಕೆರೀಲಿಲ್ಲ?"

"ಮನಸ್ಸು ಬರಲಿಲ್ಲ."

"ಏನು?"

"ಮನಸ್ಸು ಬರಲಿಲ್ಲ ಅಂದೆ!" ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಅಷ್ಟು ಚೆನ್ನಾಗಿ ಹಚ್ಚಿದ್ರಲ್ಲ! ಅದರ ಮೇಲೆ ಗೀರೋಕೆ ಕೈಯೇ ಹೋಗಲಿಲ್ಲ. ಬೋಲ್ಟ್ ಬಿಗಿ ಮಾಡಿದ್ರೆ ಬಣ್ಣ ಸೀಳಿ ತಾನಾಗೇ ಕಬ್ಬಿಣ ಕಚ್ಕೊಳ್ಳುತ್ತೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡೆ. ಸಾಕಾ?"

ಪೇಂಟರ್ ಅವಳನ್ನೇ ನೋಡಿದ. ಏನೋ ಹೇಳಲು ಹೊರಟು ತಡೆದುಕೊಂಡ. ಕೊನೆಗೆ ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಟ್ಯಾಂಕು ಬಿಚ್ಚಿಸಿಕೊಂಡು, ಕಂಕುಳಲ್ಲಿ ಇರುಕಿ ಹೊರಟೇಹೋದ. ಗಾಡಿಯನ್ನು ಅಲ್ಲೇ ಬಿಟ್ಟಿದ್ದ. ತಿರುಗಿಯೂ ನೋಡಲಿಲ್ಲ!

ಅಪ್ಪ ಫೋನು ತೆಗೆದರು. ಚಿಕ್ಕಪ್ಪನಿಗೇ!

"ತಮ್ಮಾ, ನೀನು ಬರೋದು ಬೇಡ" ಎಂದರು ಅಪ್ಪ, ದನಿ ಎತ್ತರಿಸಿ. "ಹೌದು, ಒಂದು ಗಾಡಿ ತಿರುಗಿ ಬಂತು. ಆದ್ರೆ ಗಿರಾಕಿ ತಪ್ಪು ತನ್ನ ಮೇಲೆ ಹಾಕ್ಕೊಂಡ್ರೂ ಇವಳು ಬಿಡಲಿಲ್ಲ, ನಂದೇ ಅಂತ ಮುಖದ ಮೇಲೆ ಹೇಳಿದ್ಲು. ನಿನ್ನ ಕೈಲಿ ಆಗ್ತಿತ್ತಾ ಅದು? ನನ್ನ ಕೈಲೇ ಆಗ್ತಿರಲಿಲ್ಲ, ಬಿಡು. ಗ್ಯಾರೇಜ್ ಇನ್ನು ನಮ್ಮ ಪುಟ್ಟೀದು."

ಅವಳು ಅಪ್ಪನ ನಡುಗುವ ಕೈ ಹಿಡಿದು ಅತ್ತೇಬಿಟ್ಟಳು.

ಆದರೂ ಟ್ಯಾಂಕಿಲ್ಲದ ಆ ಗಾಡಿಯ ಮುಂದೆ ಹಾದಾಗಲೆಲ್ಲ ಮನಸ್ಸು ಮುದುಡುತ್ತಿತ್ತು. 'ನಾನೊಬ್ಬಳು... ಎಲ್ಲವನ್ನೂ ಒದರಿಬಿಟ್ಟೆ. ಏನಂದುಕೊಂಡರೋ!' ಯಾರೇ ಬಾಗಿಲಿಗೆ ಬಂದರೂ ಕತ್ತು ತಾನಾಗಿ ತಿರುಗುತ್ತಿತ್ತು.

ಮುಂದಿನ ವಾರ ಅವನೇ ಬಂದ. ತೋಳಿನಲ್ಲಿ ಹಳೆಯ ಬೆಡ್‌ಶೀಟು ಸುತ್ತಿದ ಟ್ಯಾಂಕು. ಮಗುವನ್ನು ಮಲಗಿಸಿದ ಹಾಗೆ ಬೆಂಚಿನ ಮೇಲೆ ಮಲಗಿಸಿ ಬಿಚ್ಚಿದ. ಹಸಿರು, ಚಿನ್ನದ ಗೆರೆ ಎರಡೂ ಮತ್ತೆ ಹೊಸದಾಗಿದ್ದವು.

"ಕೆಳಗಡೆ ನೋಡಿ" ಎಂದ.

ಬೋಲ್ಟಿನ ಜಾಗಕ್ಕೆ ಟೇಪು ಅಂಟಿಸಿದ್ದ. ಅವಳು ಮೆಲ್ಲಗೆ ಕಿತ್ತಳು. ಒಳಗೆ ಬಣ್ಣದ ಸುಳಿವೇ ಇಲ್ಲದ, ಥಳಥಳ ಹೊಳೆಯುವ ಬರಿಯ ಕಬ್ಬಿಣ.

"ಈ ಕೆಲಸಕ್ಕೆ ಇಳಿದ ಮೇಲೆ ಮೊದಲನೇ ಸಲ ಒಂದು ಜಾಗ ಹಾಗೇ ಬಿಟ್ಟಿದ್ದೀನಿ. ನೀವು ಗೀರೋ ಸಂಕಟ ಬೇಡ ಅಂತ."

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಕೋಪ ಮಾಡ್ಕೊಂಡು ಹೋದ್ರಿ ಅನ್ಕೊಂಡಿದ್ದೆ..."

"ಕೋಪಾನಾ!" ಅವನು ತಲೆಯಾಡಿಸಿದ. "ನನ್ನ ಕೆಲಸ ನೋಡಿ ಚೆನ್ನಾಗಿದೆ ಅಂದವರು ಬೇಕಾದಷ್ಟು ಜನ ಇದಾರೆ. ಅದನ್ನ ಉಳಿಸೋಕೆ ತಮ್ಮ ಕೆಲಸಾನೇ ಕೆಡಿಸ್ಕೊಂಡವರು ನೀವೊಬ್ರೇ. ಅವತ್ತು ನಿಂತಿದ್ರೆ ನಿಮ್ಮಪ್ಪನ ಮುಂದೆ ಏನೇನು ಹೇಳ್ತಿದ್ನೋ... ಅದಕ್ಕೇ ಓಡಿಹೋದೆ."

"ನಾನು ಈಗಲೂ ಇಲ್ಲೇ ಇದ್ದೀನಪ್ಪಾ" ಎಂದರು ಅಪ್ಪ ಕುರ್ಚಿಯಿಂದ. "ಹೇಳೋದಿದ್ರೆ ಹೇಳು. ನಂಗೆ ಕಿವಿ ಸ್ವಲ್ಪ ಮಂದ."

ಅಪ್ಪನ ಕಿವಿಗೆ ಎಂಥ ಮಂದವೂ ಇರಲಿಲ್ಲ!

ಅವಳು ನಗು ನುಂಗಿಕೊಂಡು ಟ್ಯಾಂಕು ಕೂರಿಸಿದಳು. ಪೆಟ್ರೋಲ್ ಸುರಿದು ಕೀ ತಿರುಗಿಸಿದಳು. ಮುಳ್ಳು ಎದ್ದು, ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿತು.

"ಇನ್ನು ಇದು ಕೆಡಲ್ಲ" ಎಂದಳು, ತಲೆಯೆತ್ತಿ. "ನಾನು ಕೂರಿಸಿದ್ದು."

"ಗೊತ್ತು. ಅದೇ ನನ್ನ ಚಿಂತೆ."

"ಯಾಕೆ?"

"ಗಾಡಿ ಕೆಡದೇ ಹೋದ್ರೆ ನಾನು ಯಾವ ನೆಪ ಹೇಳ್ಕೊಂಡು ಇಲ್ಲಿಗೆ ಬರಲಿ?"

ಅವಳ ಕೆನ್ನೆ ರಂಗೇರಿತು. ಆದರೂ ಕಣ್ಣು ತಪ್ಪಿಸಲಿಲ್ಲ.

"ನೆಪ ಯಾಕೆ? ನನ್ನನ್ನ ನೋಡೋಕೆ ಬಂದೆ ಅಂತ ನೇರವಾಗಿ ಹೇಳ್ಕೊಂಡೇ ಬನ್ನಿ."

"ನಾಳೆ?"

"ನಾಳೆ ಬನ್ನಿ. ಕಾಯ್ತಿರ್ತೀನಿ."