ಹೆಬ್ಬೆರಳಿನ ಸಾಕ್ಷಿ

ಸಂಕ್ರಾಂತಿಯ ಶನಿವಾರ ಮಧ್ಯಾಹ್ನ ಮೂರೂವರೆಗೆ ಲಲಿತಮ್ಮ ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿದ್ದಿದ್ದರು. ಸುತ್ತ ಎಳ್ಳು, ಕೊಬ್ಬರಿ ಚೂರು, ಮುರಿದ ಸಕ್ಕರೆ ಅಚ್ಚು. ಮೊದಲು ಕಂಡವಳು ಭಾನು. ಎಳ್ಳು ಹೊರಟಿದ್ದು ಅವಳ ಮನೆಗೇ.

ವೆಸ್ಟ್ ಬ್ಲೂಮ್‌ಫೀಲ್ಡ್‌ನ ಆ ಕೆರೆಯ ಸುತ್ತ ನಾಲ್ಕು ಕನ್ನಡದ ಮನೆಗಳು. ರಸ್ತೆ ಹಿಡಿದರೆ ಎರಡು ಮೈಲಿ, ಮಂಜುಗಡ್ಡೆಯ ಮೇಲೆ ಹತ್ತು ನಿಮಿಷ. ಜನವರಿಯಲ್ಲಿ ಎಳ್ಳು ಬೀರುವವರು ಕೆರೆಯನ್ನೇ ದಾಟುತ್ತಾರೆ.

"ಸ್ನೋಮೊಬೈಲು ಕಣೆ," ಎಂದರು ಲಲಿತಮ್ಮ. "ಗಿರ್ರಂತ ತಿರುಗಿ ಹೊಡೀತು. ಹೆಲ್ಮೆಟ್ ಹಾಕಿದ್ದ. ನಿಂತ, ನೋಡ್ದ, ಹೋಗೇಬಿಟ್ಟ."

ಸೊಂಟದ ಮೂಳೆ ಮುರಿದಿತ್ತು.

* * *

ಆ ಹಿಮದ ಗಾಡಿ ಸಿಗಲು ಪೊಲೀಸ್ ಡೆಪ್ಯೂಟಿ ಕೋವಾಲ್ಸ್ಕಿಗೆ ಅರ್ಧ ಗಂಟೆ ಸಾಕಾಯಿತು. ಅದು ಲಲಿತಮ್ಮನ ಮಗ ರಾಚಯ್ಯನ ಗ್ಯಾರೇಜಿನಲ್ಲೇ ನಿಂತಿತ್ತು. ಹೊಸದು, ಫೋರ್‌ಸ್ಟ್ರೋಕ್ ಇಂಜಿನ್ನಿನದು. ಅಡಿಯ ರಬ್ಬರ್ ಪಟ್ಟಿಯ ಸಂದಿಯಲ್ಲಿ ಎಳ್ಳು. ಕೀಲಿ ಎಂದಿನಂತೆ ಗೋಡೆಯ ಮೊಳೆಯಲ್ಲಿ, ಪಕ್ಕದಲ್ಲಿ ಹೆಲ್ಮೆಟ್ಟು.

ಮನೆಯಲ್ಲಿ ಅದನ್ನು ಓಡಿಸುತ್ತಿದ್ದವನು ಒಬ್ಬನೇ, ರಾಚಯ್ಯನ ಮಗ ಜೈ. ಇಪ್ಪತ್ತು ವರ್ಷ.

"ಐ ವಾಸ್ ಇನ್ ದ ಬೇಸ್‌ಮೆಂಟ್. ಹೆಡ್‌ಫೋನ್ಸ್ ಆನ್," ಎಂದ ಜೈ.

"ನೋಡಿದವರು ಯಾರು?" ಎಂದ ಡೆಪ್ಯೂಟಿ.

"ನೋ ವನ್."

ಸೋಮವಾರ ಮಧ್ಯಾಹ್ನದೊಳಗೆ ಬೇರೆ ಹೆಸರು ಸಿಗದಿದ್ದರೆ ಕೇಸು ಜೈ ಮೇಲೆ ಎಂದ ಡೆಪ್ಯೂಟಿ. ಗುದ್ದಿ ಓಡಿಹೋದದ್ದು, ಅದೂ ಸ್ವಂತ ಅಜ್ಜಿಯನ್ನು. ಜೈಲಾದರೂ ಆಗಬಹುದು. ರಾಚಯ್ಯ ಮಗನ ಕಡೆ ನೋಡುವುದನ್ನೇ ಬಿಟ್ಟ.

ಭಾನು ಇಪ್ಪತ್ತೆಂಟು ವರ್ಷ ಡಿಯರ್‌ಬಾರ್ನ್‌ನ ಕಾರು ಕಾರ್ಖಾನೆಯಲ್ಲಿ ಇಂಜಿನ್‌ಗಳ ಜೊತೆ ಜಗಳವಾಡಿ ನಿವೃತ್ತಳಾದವಳು. ಮನುಷ್ಯರಿಗಿಂತ ಅವೇ ವಾಸಿ, ಕೇಳಿದ್ದಕ್ಕೆ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಅನುಭವ. ಅವಳು ಡೆಪ್ಯೂಟಿಯನ್ನು ಕೆರೆಗೆ ಕರೆದೊಯ್ದು ಹಿಮದ ಮೇಲಿನ ಗುರುತು ತೋರಿಸಿದಳು. ತಿರುವಿನವರೆಗೂ ನೇರ. ಅಲ್ಲಿ ಹಿಂಭಾಗ ಒಮ್ಮೆಲೇ ಅಡ್ಡ ತಿರುಗಿತ್ತು.

"ಟೂಸ್ಟ್ರೋಕ್ ಗಾಡಿಯಲ್ಲಿ ಹೆಬ್ಬೆರಳಿಂದ ಒತ್ತೋ ಥ್ರಾಟಲ್ ಬಿಟ್ಟರೆ ತೇಲಿಕೊಂಡು ಹೋಗುತ್ತೆ. ಫೋರ್‌ಸ್ಟ್ರೋಕ್‌ನಲ್ಲಿ ಬಿಟ್ಟ ಕೂಡಲೇ ಇಂಜಿನ್ನೇ ಬ್ರೇಕ್ ಹಿಡಿಯುತ್ತೆ. ಐಸ್ ಮೇಲೆ, ತಿರುವಿನಲ್ಲಿ ಹಾಗೆ ಬಿಟ್ಟರೆ ಇದೇ ಗತಿ. ಅದಕ್ಕೇ ಜೈ ಹೆಬ್ಬೆರಳನ್ನು ನಿಧಾನವಾಗಿ ಸಡಿಲಿಸುತ್ತಾನೆ. ಇದು ಹೊಸಬನ ಕೆಲಸ."

"ಅದು ವಾದ, ಸಾಕ್ಷಿಯಲ್ಲ," ಎಂದ ಡೆಪ್ಯೂಟಿ.

* * *

ಆ ದಿನ ರಾಚಯ್ಯನ ಮನೆಗೆ ಊಟಕ್ಕೆ ಬಂದಿದ್ದವರು ಇಬ್ಬರು. ಒಬ್ಬ ರಾಚೆಸ್ಟರ್ ಹಿಲ್ಸ್‌ನ ನಂದನ್. ವೀಸಾದ ಮೇಲೆ ಹೋದ ವರ್ಷ ಬಂದವನು. ಇನ್ನೊಬ್ಬರು ಪಕ್ಕದ ಮನೆಯ ಪದ್ಮನಾಭ, ಕನ್ನಡ ಸಂಘದ ಅಧ್ಯಕ್ಷರು. ಊಟವಾದ ಮೇಲೆ ರಾಚಯ್ಯ ಸೋಫಾದಲ್ಲಿ ಗೊರಕೆ ಹೊಡೆದಿದ್ದ. ನಂದನ್ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದನಂತೆ. ಪದ್ಮನಾಭ ಮೂರಕ್ಕೇ ಮನೆಗೆ ನಡೆದರಂತೆ. ಯಂತ್ರಗಳಾಗಿದ್ದರೆ ಭಾನು ನಂಬುತ್ತಿದ್ದಳು.

"ನಿಂಗೆ ಗಾಡಿ ಓಡಿಸಿ ಗೊತ್ತೇನೋ?" ಭಾನು ನಂದನ್‌ನನ್ನು ಕೇಳಿದಳು.

"ಎರಡು ಸಲ ಬಾಡಿಗೆಗೆ ತಗೊಂಡಿದ್ದೆ ಆಂಟಿ. ಟೂಸ್ಟ್ರೋಕು. ಯಾಕೆ?"

ಭಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡೆಪ್ಯೂಟಿ ಅದನ್ನು ಬರೆದುಕೊಂಡ.

"ಈಗಿನ ಹುಡುಗರಿಗೆ ಅಜ್ಜಿನೂ ಒಂದೇ, ಮರದ ಕೊರಡೂ ಒಂದೇ," ಎಂದರು ಪದ್ಮನಾಭ, ಜೈಗೆ ಕೇಳುವ ಹಾಗೆ. "ನಾನು ಇಪ್ಪತ್ತು ಚಳಿಗಾಲ ನನ್ನ ಟೂಸ್ಟ್ರೋಕ್ ಓಡಿಸಿದೀನಿ. ಈ ಫೋರ್‌ಸ್ಟ್ರೋಕ್ ಹೊಲಿಗೆ ಮಿಷನ್ನನ್ನ ಮುಟ್ಟಿದವನೇ ಅಲ್ಲ."

* * *

ಸೋಮವಾರ ಬೆಳಗ್ಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಭಾನು ಕೆರೆಯ ನಡುವೆ ಒಂದು ಕೆಂಪು ಬಾವುಟ ನೆಟ್ಟು, ನಂದನ್, ಪದ್ಮನಾಭ ಇಬ್ಬರಿಗೂ ರಾಚಯ್ಯನ ಗಾಡಿ ತೋರಿಸಿದಳು.

"ಇಪ್ಪತ್ತೈದು ಮೈಲಿ ಸ್ಪೀಡಲ್ಲಿ ಬನ್ನಿ. ಬ್ರೇಕ್ ಮುಟ್ಟದೆ ಬಾವುಟದ ಹತ್ತಿರ ನಿಲ್ಲಿಸಿ. ಅಷ್ಟೇ."

ಹೇಗೆಂದು ಹೇಳಲಿಲ್ಲ.

ನಂದನ್ ಬಂದ. ಬಾವುಟ ಇನ್ನೂ ದೂರವಿರುವಾಗಲೇ ಹೆಬ್ಬೆರಳನ್ನು ಪೂರ್ತಿ ಬಿಟ್ಟ. ಗಾಡಿ ಯಾರೋ ಹಿಂದಿನಿಂದ ಎಳೆದಂತೆ ಕುಗ್ಗಿತು. ಅವನ ಎದೆ ಹ್ಯಾಂಡಲ್‌ಗೆ ಬಡಿಯಿತು. ಬಾವುಟಕ್ಕೆ ನೂರಡಿ ಮುಂಚೆಯೇ ನಿಂತ.

ಡೆಪ್ಯೂಟಿ ಅವನತ್ತ ಹೆಜ್ಜೆ ಇಟ್ಟ. ಗುರುತಿಗೂ ಇದಕ್ಕೂ ತಾಳೆಯಾಗುತ್ತಿತ್ತು. ಭಾನು ತೋಳು ಹಿಡಿದು ತಡೆದಳು.

"ಅಧ್ಯಕ್ಷರೇ, ನೀವು."

"ನಾನು ಮುಟ್ಟಲ್ಲ ಅಂದೆನಲ್ಲ."

"ಭಯ ಆದ್ರೆ ಬೇಡ ಬಿಡಿ."

ಪದ್ಮನಾಭ ಹೆಲ್ಮೆಟ್ ಹಾಕಿದರು. ಚೆನ್ನಾಗಿ ಬಂದರು. ಬಾವುಟ ಸಮೀಪಿಸುವವರೆಗೂ ಹೆಬ್ಬೆರಳನ್ನು ಎತ್ತಲಿಲ್ಲ. ಆಮೇಲೆ ಎತ್ತಿದ್ದು ಕೂದಲೆಳೆಯಷ್ಟು, ಮತ್ತಷ್ಟು. ಗಾಡಿ ಕುಲುಕದೆ ಬಾವುಟದ ಬುಡದಲ್ಲಿ ನಿಂತಿತು.

"ನೋಡಿದ್ರಾ? ಇದಕ್ಕೆ ಅನುಭವ ಅಂತಾರೆ."

"ಹೌದು. ಈ ಗಾಡೀದು ಯಾವಾಗ ಆಯ್ತು?" ಎಂದಳು ಭಾನು.

ಅವರು ಗಾಡಿಯಿಂದಿಳಿದು ಹೆಲ್ಮೆಟ್ ಬಿಚ್ಚಿದರು.

"ಇಪ್ಪತ್ತು ವರ್ಷ ಟೂಸ್ಟ್ರೋಕ್ ಓಡಿಸಿದ ಹೆಬ್ಬೆರಳು ಮೊದಲ ಸಲ ನಂದನ್ ಮಾಡಿದ್ದನ್ನೇ ಮಾಡುತ್ತೆ. ಗಾಡಿ ತೇಲುತ್ತೆ ಅಂತ ನಂಬಿ ಬಿಟ್ಟುಬಿಡುತ್ತೆ. ನಾನು ಹುಡುಕ್ತಿದ್ದಿದ್ದು ಹೊಸಬನನ್ನಲ್ಲ. ಹೊಸಬನಾಗಿದ್ದು, ಒಂದು ಸಲ ಪಾಠ ಕಲಿತವನನ್ನ. ತಿರುವಿನಲ್ಲಿ ಬಿಟ್ರಿ, ಗಾಡಿ ಸುತ್ತಿತು. ಗ್ಯಾರೇಜಿಗೆ ವಾಪಸ್ ಬರೋ ಅರ್ಧ ಮೈಲೀಲಿ ಕಲಿತ್ರಿ."

"ಯಾರೋ ಹೇಳಿದ್ರು ನಂಗೆ."

"ಹೇಳಿದ್ರೆ ತಲೆಗೆ ಗೊತ್ತಾಗುತ್ತೆ, ಹೆಬ್ಬೆರಳಿಗಲ್ಲ. ಜಾಕೆಟ್ ಬಿಚ್ಚಿ. ನಂದನ್‌ಗೆ ಈಗ ಎದೆ ಮೇಲೆ ಏಳ್ತಿರೋ ಗುರುತು ನಿಮಗೆ ಎರಡು ದಿನದ್ದು ಇರಬೇಕು."

ಪದ್ಮನಾಭ ಜಾಕೆಟ್ ಬಿಚ್ಚಲಿಲ್ಲ. ಅದರ ಜಿಪ್ಪನ್ನು ಗಟ್ಟಿಯಾಗಿ ಹಿಡಿದು ಸೀಟಿನ ಮೇಲೆ ಕುಳಿತರು.

"ಒಂದೇ ರೌಂಡು ಅನ್ಕೊಂಡೆ," ಎಂದರು. "ಊಟದ ಉದ್ದಕ್ಕೂ ಈ ಗಾಡೀನ ಬೈದಿದ್ದೆ. ಎಲ್ಲರ ಮುಂದೆ ಹೆಂಗೆ ಕೇಳ್ಲಿ? ಲಲಿತಮ್ಮ ಕೂಗಿದ್ರು. ಬದುಕಿದಾರೆ ಅಂತ ಗೊತ್ತಾಯ್ತು. ಹೊರಟುಬಿಟ್ಟೆ."

ಭಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಡೆಪ್ಯೂಟಿ ಅವರನ್ನು ಕಾರಿನ ಕಡೆ ನಡೆಸಿದ.

ದಡದಲ್ಲಿ ರಾಚಯ್ಯ ಜೈ ಹತ್ತಿರ ಬಂದ. ಎರಡು ದಿನದ ಮೇಲೆ ಮಗನಿಗೆ ಹೇಳಿದ ಮೊದಲ ಮಾತು ಇದು.

"ಗಾಡಿ ಒಳಗೆ ಹಾಕಪ್ಪ."

"ಯೂ ಡು ಇಟ್, ಡ್ಯಾಡ್. ಆಸ್ಪತ್ರೆಗೆ, ಅಜ್ಜಿ ಹತ್ರ ಹೋಗ್ತಿದೀನಿ," ಎಂದು ಜೈ ತನ್ನ ಕಾರು ಹತ್ತಿದ.

ರಾಚಯ್ಯನಿಗೆ ಅದನ್ನು ಓಡಿಸಲು ಬರುತ್ತಿರಲಿಲ್ಲ. ಹಗ್ಗ ಕಟ್ಟಿ ಎಳೆಯತೊಡಗಿದ. ಭಾನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಸಹಾಯ ಮಾಡಲಿಲ್ಲ.